ನೌಕರನ ಸ್ವಂತ ಗಾಡಿಗೆ ದಾರಿಭತ್ಯೆ: ಅದನ್ನು ಲೆಕ್ಕ ಹಾಕುವ ಬಗೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ದೊಡ್ಡ ಒಕ್ಕಲುತನವುಳ್ಳ ಮನೆತನದ ಜಮೀನೆಲ್ಲವೂ ಒಂದೇ ಕಡೆಯಲ್ಲಿ ಇರುವದು ವಿರಳ. ಒಂದು ಹೊಲವು ಕೃಷ್ಣೆಯ ಅಥವಾ ಘಟಪ್ರಭೆಯ ದಂಡೆಯಲ್ಲಿದ್ದರೆ ಇನ್ನೊಂದು ಎರೆಯ ಬಯಲಿನಲ್ಲಿರುವದು. ಮೂರನೆಯದು ಖರೀದಿಯಿಂದ ಬಂದದ್ದಾಗಿ ಬೇರೊಂದು ಊರಿನ ಸೀಮೆಯಲ್ಲಿರುವದು. ಬೀಳಗಿಯ ಕಡೆಗೆ ಆಲಮಟ್ಟಿಯ ಹಿನ್ನೀರಿನಿಂದ ಊರುಗಳು ಮುಳುಗಡೆಯಾಗಿ ಜನರು ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದ ಮೇಲಂತೂ ಮನೆಗೂ ಉಳಿದ ಹೊಲಕ್ಕೂ ನಡುವಿನ ದಾರಿಯು ಅನೇಕರಿಗೆ ಹಿಂದಿಗಿಂತ ದೂರವಾಗಿದೆ. ೧೯೮೯ರಲ್ಲಿ ಜಮಖಂಡಿಯ ಕಡೆಯ ಒಕ್ಕಲಿಗರು ಸ್ವಂತ ಹಣವನ್ನೂ ಮೈಗೆಲಸವನ್ನೂ ಕೂಡಿಸಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿದಂದಿನಿಂದ ನೀರಾವರಿಯು ಬೆಳೆದು, ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಜೋಳವು ಬಿತ್ತಿದ ಮೇಲೆ ಒಡೆಯನನ್ನು ಅಷ್ಟಾಗಿ ಕರೆಯದು. ಕಬ್ಬು ದಿನಾಲು ಕರೆಯುವ ಬೆಳೆ.

ಈ ಕರೆಗೆ ಓಡುವವನು ಸಾಮಾನ್ಯವಾಗಿ ಒಡೆಯನಲ್ಲ; ಅವನ ಕಾರಭಾರಿ, ದಿವಾಣಜಿ ಅಥವಾ ನಂಬಿಗೆಯ ವರ್ಷದಾಳು. ರಾತ್ರಿಯಲ್ಲಿ ವಿದ್ಯುತ್ತು ಬಂದೊಡನೆ ಪಂಪಸೆಟ್ಟನ್ನು ಸುರು ಮಾಡಲಿಕ್ಕೆ, ಸೊಸಾಯಿಟಿಯಲ್ಲಿ ಗೊಬ್ಬರ ಬಂದಿದೆಯೋ ಎಂದು ನೋಡಿಬರಲಿಕ್ಕೆ, ಕಾರಖಾನೆಯಿಂದ ಕಟಾವಿನ ಚೀಟಿಯನ್ನು ತರಲಿಕ್ಕೆ, ಕಬ್ಬು ಕಡಿಯುವ ಗ್ಯಾಂಗಿನವರನ್ನು ಕಂಡು ಮಾತಾಡಲಿಕ್ಕೆ, ಕೆಟ್ಟ ಮೋಟಾರಿನ ಸುರುಳಿ ಸುತ್ತಿಸಲಿಕ್ಕೆ ಅವನು ತನ್ನ ಸ್ವಂತ ಮೋಟಾರು ಸಾಯಕಲ್ಲಿನ ಮೇಲೆ ತಿರುಗುತ್ತಾನೆ. ರಬಕವಿ-ಬನಹಟ್ಟಿಯಲ್ಲಿ ಒಕ್ಕಲುತನದ ಸಂಗಡ ಮಗ್ಗಗಳನ್ನೂ ಇಟ್ಟುಕೊಂಡ ಮನೆಗಳಲ್ಲಿ ನೂಲಿನ ಮತ್ತು ಸೀರೆಯ ಕೆಲಸಕ್ಕೂ ಅದೇ ಮನುಷ್ಯ, ಅದೇ ಗಾಡಿ. ಗಾಡಿಯನ್ನು ಅವನು ಹೆಚ್ಚಾಗಿ ಸಾಲದಿಂದಲೇ ಕೊಂಡಿರುತ್ತಾನೆ. ಕಂತು ಅವನ ಸಂಬಳದಿಂದಲೇ ಹೋಗುತ್ತಿರುತ್ತದೆ.

ಇದಕ್ಕಾಗಿ ಅವನಿಗೆ ದೊರೆಯುವದೇನು? ಬಹಳ ಕಡೆಗಳಲ್ಲಿರುವ ವಾಡಿಕೆಯೆಂದರೆ "ಪೆಟ್ರೋಲ್ ಹಾಕಿಸಿಕೊ" ಎಂದು ನೂರೋ ಇನ್ನೂರೋ ರೂಪಾಯಿಗಳನ್ನು ಕೈಯಲ್ಲಿಡುವದು. ಒಡೆಯನು ಇದನ್ನು ಧಾರಾಳತನವೆಂದೇ ತಿಳಿದಿರುತ್ತಾನೆ; ನೌಕರನೂ ಬಾಯಿಬಿಟ್ಟು ಬೇರೆ ಹೇಳುವದಿಲ್ಲ. ಆದರೆ ಲೆಕ್ಕವನ್ನು ಬಿಡಿಸಿ ನೋಡಿದರೆ ಈ ವಾಡಿಕೆಯಲ್ಲಿ ನೌಕರನು ಪ್ರತಿ ತಿಂಗಳೂ ತನ್ನ ಆಸ್ತಿಯ ಒಂದು ಭಾಗವನ್ನು ಒಡೆಯನ ಜಮೀನಿಗೆ ಸುರಿಯುತ್ತಿರುವನೆಂಬುದು ಕಂಡುಬರುವದು.

ಚಕ್ಕಡಿಯನ್ನು ಇಟ್ಟುಕೊಂಡು ಬಲ್ಲ ಒಕ್ಕಲಿಗರಿಗೆ ಇದು ಹೊಸ ಮಾತಲ್ಲ. ನೆರೆಯವನ ಜೋಡೆತ್ತು ಮತ್ತು ಚಕ್ಕಡಿಯನ್ನು ಬಾಡಿಗೆಗೆ ತಂದವನು "ಎತ್ತುಗಳಿಗೆ ಇವತ್ತಿನ ಕಣಿಕೆಯನ್ನು ನಾನೇ ಹಾಕಿದೆ, ಲೆಕ್ಕ ತೀರಿತು" ಎಂದರೆ ಊರಿನಲ್ಲಿ ಯಾರೂ ಒಪ್ಪರು. ಕಣಿಕೆ ಹಿಂಡಿಗಳಲ್ಲದೆ ನಾಲು ಬಡಿಸುವ ಖರ್ಚಿದೆ, ಅಚ್ಚಿಗೆ ಕೀಲೆಣ್ಣೆಯಿದೆ, ಗಾಲಿಯ ಹಳಿ ಸವೆಯುತ್ತದೆ, ಹಗ್ಗ ಮಿಣಿಗಳು ಹರಿಯುತ್ತವೆ. ಎಲ್ಲಕ್ಕೂ ಮಿಗಿಲಾಗಿ, ನಾಲ್ಕು ವರ್ಷ ದುಡಿದ ಎತ್ತನ್ನು ಜಾತ್ರೆಗೆ ಹೊಡೆದರೆ ಕೊಂಡ ಬೆಲೆ ಬಾರದು. ಈ ಕೊನೆಯ ನಷ್ಟವು ದಿನಾಲು ಕಣ್ಣಿಗೆ ಬೀಳುವದಿಲ್ಲ. ಮಾರುವ ದಿನ ಒಮ್ಮೆಲೆ ಬೀಳುತ್ತದೆ. ಬಾಡಿಗೆಯ ದರವನ್ನು ಕಟ್ಟಿದ ಹಿರಿಯರು ಇವೆಲ್ಲವನ್ನೂ ಅದರಲ್ಲಿ ಸೇರಿಸಿಯೇ ಕಟ್ಟಿದರು. ಪೆಟ್ರೋಲು ಮೋಟಾರು ಗಾಡಿಯ ಕಣಿಕೆ. ಕಣಿಕೆಯ ಹಣವನ್ನಷ್ಟೇ ಕೊಟ್ಟು ಗಾಡಿಯನ್ನು ದುಡಿಸಿಕೊಳ್ಳುವದು ಎತ್ತಿನ ವಿಷಯದಲ್ಲಿ ಎಷ್ಟು ಅನ್ಯಾಯವೋ ಇಲ್ಲಿಯೂ ಅಷ್ಟೇ ಅನ್ಯಾಯ.

ಊರ ಕೆಲಸಕ್ಕಾಗಿ ತಿರುಗುವವನಿಗೆ ಪ್ರತಿಫಲವನ್ನು ಕೊಡುವ ಪದ್ಧತಿಯು ಈ ಸೀಮೆಯಲ್ಲಿ ಹಳೆಯದು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಹೆಗೆ ಸೇರಿದ್ದು, ಜಮಖಂಡಿಯೂ ಮುಧೋಳವೂ ೧೯೪೮ರ ವರೆಗೆ ಬೇರೆ ಬೇರೆ ಸಂಸ್ಥಾನಗಳಾಗಿದ್ದ ಕಾಲದಲ್ಲಿ, ವಿಜಾಪುರ ಬೆಳಗಾವಿಗಳ ಕಡೆಗೆ ಸರಕಾರದ ಕಾಗದ ಪತ್ರಗಳನ್ನೂ ವಸೂಲಿಯ ಹಣವನ್ನೂ ಹೊತ್ತು ತಿರುಗುವ ಶೇತಸನದಿಗಳಿಗೆ ಜಮೀನು ಬಿಟ್ಟುಕೊಡಲಾಗಿತ್ತು. ನಡೆದ ಹರದಾರಿಗಳಿಗೆ ಬೇರೆ ಲೆಕ್ಕವಿರಲಿಲ್ಲ. ಹೊಲದ ಉತ್ಪನ್ನವೇ ಸಂಬಳ, ಅದೇ ದಾರಿಯ ಖರ್ಚು. ಇದಕ್ಕೆ ವಿರುದ್ಧವಾದ ಬಿಟ್ಟಿಯ ರೂಢಿಯೂ ಇತ್ತು. ಅಧಿಕಾರಿಗಳು ಸಂಚಾರಕ್ಕೆ ಬಂದಾಗ ಒಕ್ಕಲಿಗನ ಚಕ್ಕಡಿಯನ್ನು ಹಿಡಿದು, ಕೊಟ್ಟರೆ ಕೊಟ್ಟರು ಇಲ್ಲದಿದ್ದರೆ ಇಲ್ಲವೆಂಬಂತೆ, ಮುಂದಿನ ಠಾಣ್ಯದ ವರೆಗೆ ದುಡಿಸಿಕೊಳ್ಳುವದನ್ನು ಹಳಬರು ಇಂದಿಗೂ ಹಿರಿಯರ ಬಾಯಿಂದ ಕೇಳಿದ್ದುಂಟು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ ೨೩ನೆಯ ಕಲಮಿನಲ್ಲಿ ಬಿಟ್ಟಿಯನ್ನು ನಿಷೇಧಿಸಿತು. ಊರ ವತನಗಳು ೧೯೬೧ರ ಕಾಯದೆಯಿಂದ ರದ್ದಾದವು. ಜಮೀನು ಕೊಟ್ಟು ದುಡಿಸುವ ಕಾಲವೂ ಹೋಯಿತು, ಏನೂ ಕೊಡದೆ ದುಡಿಸುವ ಕಾಲವೂ ಹೋಯಿತು. ಉಳಿದಿರುವದು ಲೆಕ್ಕ ಹಾಕಿ ಹಣ ಕೊಡುವ ದಾರಿಯೊಂದೇ. ಸರಕಾರವು ತನ್ನ ನೌಕರರಿಗೆ ಇದನ್ನೇ ಮಾಡುತ್ತದೆ. ಕೇಂದ್ರ ಸರಕಾರವು ೨೦೧೭ರ ಜುಲೈಯಲ್ಲಿ, ಸಾರಿಗೆಯ ಖಾತೆಯವರು ದರವನ್ನು ಗೊತ್ತುಪಡಿಸದ ಸ್ಥಳಗಳಲ್ಲಿ ಸ್ವಂತ ಕಾರಿಗೆ ಕಿಲೋಮೀಟರಿಗೆ ೨೪ ರೂ., ಸ್ವಂತ ಸ್ಕೂಟರು ಮುಂತಾದವುಗಳಿಗೆ ೧೨ ರೂ. ಎಂದು ಗೊತ್ತುಪಡಿಸಿ, ತುಟ್ಟಿಭತ್ಯೆಯು ನೂರಕ್ಕೆ ೫೦ರಷ್ಟು ಏರಿದಾಗಲೆಲ್ಲ ಈ ದರವೂ ನೂರಕ್ಕೆ ೨೫ರಷ್ಟು ಏರತಕ್ಕದ್ದೆಂದು ವಿಧಿಸಿತು. ಈ ದರಗಳು ಖಾಸಗಿ ಒಡೆಯರನ್ನು ಕಟ್ಟಿಹಾಕುವದಿಲ್ಲ. ಒಕ್ಕಲುತನದ ಕೆಲಸಕ್ಕೆ ಅವು ಹೆಚ್ಚೆಂದು ತೋರಬಹುದು. ಗಮನಿಸಬೇಕಾದ ಅಂಶವೆಂದರೆ ಅವು ಪೆಟ್ರೋಲಿನ ಬೆಲೆಯಷ್ಟೇ ಅಲ್ಲವೆಂಬುದು.

ಹಾಗಾದರೆ ನಮ್ಮ ಸೀಮೆಯ ಹೊಲದ ದಾರಿಗಳಲ್ಲಿ ಓಡುವ ಒಂದು ಸಾಧಾರಣ ಮೋಟಾರು ಸಾಯಕಲ್ಲಿಗೆ ಕಿಲೋಮೀಟರಿಗೆ ನಿಜವಾಗಿ ಎಷ್ಟು ಬೀಳುವದು? ಕೆಳಗೆ ಕೊಟ್ಟ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವದಕ್ಕಾಗಿ ಹಿಡಿದವು. ಪ್ರತಿಯೊಬ್ಬನೂ ತನ್ನ ನೌಕರನ ಗಾಡಿಯ ಮತ್ತು ತನ್ನ ಊರಿನ ಬೆಲೆಗಳನ್ನು ಅವುಗಳ ಸ್ಥಳದಲ್ಲಿ ಇಟ್ಟುಕೊಳ್ಳತಕ್ಕದ್ದು.

ಮೊದಲು ಪೆಟ್ರೋಲು. ಗಾಡಿಯನ್ನು ಮಾರುವವನು ಹೇಳುವ ಮೈಲೇಜನ್ನು ನಂಬಬಾರದು. ಅದು ಒಳ್ಳೆಯ ಸಡಕಿನಲ್ಲಿ ಒಂದೇ ವೇಗದಿಂದ ಓಡಿಸಿದಾಗಿನ ಮಾತು. ಮಳೆಗಾಲದಲ್ಲಿ ಎರೆಯ ಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿಯನ್ನು ಎರಡನೆಯ ಗೇರಿನಲ್ಲಿ ಎಳೆಯಬೇಕಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರಾಕ್ಟರುಗಳ ಸಾಲಿನ ಹಿಂದೆ ನಿಂತು ನಿಂತು ಹೋಗಬೇಕಾಗುತ್ತದೆ. ಆದುದರಿಂದ ಅಳೆದೇ ನೋಡಬೇಕು. ಟಾಕಿಯನ್ನು ಬಾಯಿತುಂಬ ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಟ್ಟು, ನಾಲ್ಕಾರು ದಿನ ಎಂದಿನಂತೆ ಕೆಲಸ ಮಾಡಿ, ಪುನಃ ಬಾಯಿತುಂಬ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಓಡಿದ ಕಿಲೋಮೀಟರುಗಳನ್ನು ಭಾಗಿಸಿದರೆ ನಿಜವಾದ ಮೈಲೇಜು ತಿಳಿಯುವದು. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೀಗೆ ಮಾಡಿ ಸರಾಸರಿಯನ್ನು ಹಿಡಿಯುವದು ಒಳ್ಳೆಯದು. ಅದು ಲೀಟರಿಗೆ ೪೫ ಕಿ.ಮೀ. ಎಂದೂ ಪೆಟ್ರೋಲು ಲೀಟರಿಗೆ ೧೦೩ ರೂ. ಎಂದೂ ಇಟ್ಟುಕೊಂಡರೆ ಕಿಲೋಮೀಟರಿಗೆ ೨ ರೂ. ೨೯ ಪೈಸೆ ಬೀಳುವದು.

ಇನ್ನು ಕಣ್ಣಿಗೆ ಬೀಳದ ಖರ್ಚುಗಳು. ೩,೦೦೦ ಕಿ.ಮೀ.ಗೊಮ್ಮೆ ಆಯಿಲು ಬದಲಿಸಲಿಕ್ಕೆ ೪೦೦ ರೂ. ಎಂದರೆ ಕಿಲೋಮೀಟರಿಗೆ ೧೩ ಪೈಸೆ. ಎರಡು ಟಾಯರು ಟ್ಯೂಬುಗಳಿಗೆ ೩,೬೦೦ ರೂ. ಬಿದ್ದು ಅವು ೨೪,೦೦೦ ಕಿ.ಮೀ. ಬಾಳಿದರೆ ೧೫ ಪೈಸೆ. ಚೇನು ಮತ್ತು ಅದರ ಹಲ್ಲುಗಾಲಿಗಳಿಗೆ ೨೦,೦೦೦ ಕಿ.ಮೀ.ಗೊಮ್ಮೆ ೧,೬೦೦ ರೂ. ಎಂದರೆ ೮ ಪೈಸೆ. ಧೂಳಿನ ಹೊಲದ ದಾರಿಯಲ್ಲಿ ಚೇನು ಇಷ್ಟು ಬಾಳುವದೂ ಸಂಶಯವೇ. ಬ್ರೇಕು, ಕ್ಲಚ್ಚು, ಕೇಬಲ್ಲು, ಪಂಕ್ಚರು, ಸರ್ವಿಸು ಎಂದು ವರ್ಷಕ್ಕೆ ೩,೬೦೦ ರೂ. ಹೋಗಿ ಗಾಡಿಯು ವರ್ಷಕ್ಕೆ ೧೨,೦೦೦ ಕಿ.ಮೀ. ಓಡಿದರೆ ೩೦ ಪೈಸೆ. ವಿಮೆ ಮತ್ತು ಹೊಗೆಯ ಪ್ರಮಾಣಪತ್ರಕ್ಕೆ ವರ್ಷಕ್ಕೆ ೧,೮೦೦ ರೂ. ಎಂದರೆ ೧೫ ಪೈಸೆ.

ಕೊನೆಯದಾಗಿ ಸವಕಳಿ, ಎಲ್ಲರೂ ಮರೆಯುವದು ಇದನ್ನೇ. ನೋಂದಣಿ ಸಹಿತ ೯೦,೦೦೦ ರೂ. ಬಿದ್ದ ಗಾಡಿಯು ಆರು ವರ್ಷಗಳಲ್ಲಿ ೭೨,೦೦೦ ಕಿ.ಮೀ. ಓಡಿ ೧೮,೦೦೦ ರೂ.ಗೆ ಮಾರಿಹೋದರೆ, ಕಳೆದುಹೋದ ೭೨,೦೦೦ ರೂ. ಪ್ರತಿ ಕಿಲೋಮೀಟರಿಗೂ ಸರಿಯಾಗಿ ಒಂದೊಂದು ರೂಪಾಯಿಯಂತೆ ಹೋಯಿತೆಂದಾಯಿತು. ಗಾಡಿಯ ಬೆಲೆಯು ನಿಲ್ಲಿಸಿಟ್ಟರೂ ವರ್ಷ ಕಳೆದಂತೆ ಇಳಿಯುವದು ನಿಜವೇ. ಆದರೆ ದಿನವೂ ದುಡಿಯುವ ಗಾಡಿಯನ್ನು ಕೊಳ್ಳುವವನು ಮೊದಲು ಮೀಟರನ್ನೂ ಇಂಜಿನ್ನಿನ ಸದ್ದನ್ನೂ ನೋಡುತ್ತಾನೆ. ಸವಕಳಿಯನ್ನು ಓಡಿದ ದಾರಿಯ ಮೇಲೆ ಹಂಚುವದೇ ನ್ಯಾಯಕ್ಕೆ ಹತ್ತಿರ.

ಪೆಟ್ರೋಲನ್ನು ಬಿಟ್ಟು ಉಳಿದವುಗಳನ್ನು ಕೂಡಿಸಿದರೆ ಕಿಲೋಮೀಟರಿಗೆ ೧ ರೂ. ೮೧ ಪೈಸೆ, ಪೆಟ್ರೋಲನ್ನು ಸೇರಿಸಿದರೆ ೪ ರೂ. ೧೦ ಪೈಸೆ. ಇದರಲ್ಲಿ ಸವಾರನ ಶ್ರಮಕ್ಕಾಗಲಿ ಗಾಡಿಯ ಸಾಲದ ಬಡ್ಡಿಗಾಗಲಿ ಒಂದು ಕಾಸನ್ನೂ ಹಿಡಿದಿಲ್ಲ.

ಈಗ ಒಬ್ಬ ಕಾರಭಾರಿಯು ಒಡೆಯನ ಕೆಲಸಕ್ಕಾಗಿ ದಿನಕ್ಕೆ ೨೫ ಕಿ.ಮೀ.ಯಂತೆ ತಿಂಗಳಿಗೆ ೨೬ ದಿನ ತಿರುಗುವನೆನ್ನೋಣ. ತಿಂಗಳಿಗೆ ೬೫೦ ಕಿ.ಮೀ. ಆಯಿತು. ಬರಿಯ ಪೆಟ್ರೋಲಿನ ಹಣವು ೧,೪೮೮ ರೂ. ೫೦ ಪೈಸೆ; ಪೂರ್ಣ ಖರ್ಚು ೨,೬೬೫ ರೂ. ನಡುವಿನ ಅಂತರವಾದ ೧,೧೭೬ ರೂ. ೫೦ ಪೈಸೆಯನ್ನು ನೌಕರನು ಒಡೆಯನ ಪರವಾಗಿ ತಿಂಗಳು ತಿಂಗಳು ಭರಿಸುತ್ತಾನೆ. ವರ್ಷಕ್ಕೆ ೧೪,೧೧೮ ರೂ. ಆರು ವರ್ಷಕ್ಕೆ ೮೪,೭೦೮ ರೂ., ಅಂದರೆ ಹೆಚ್ಚುಕಡಿಮೆ ಒಂದು ಹೊಸ ಗಾಡಿಯ ಬೆಲೆ. ಪೆಟ್ರೋಲಿಗೆಂದು ಕೊಟ್ಟ ನೂರು ಇನ್ನೂರುಗಳು ತಿಂಗಳಿಗೆ ಆ ೧,೪೮೮ ರೂಪಾಯಿಗಳನ್ನೂ ಮುಟ್ಟದ ಮನೆಗಳಲ್ಲಿ ಹಾನಿಯು ಇನ್ನೂ ಹೆಚ್ಚು. ಸಂಬಳ ಕಡಿಮೆಯಾಯಿತೆಂದು ಹೇಳದೆಯೇ ನೌಕರನು ಹಂಗಾಮಿನ ನಡುವೆ ಕೆಲಸ ಬಿಟ್ಟು ಹೋದಾಗ ಅದರ ಕಾರಣವು ಹಲವು ಸಲ ಈ ಲೆಕ್ಕದಲ್ಲಿ ಅಡಗಿರುವದು. ಗಾಡಿಯ ರಿಪೇರಿಯ ಚೀಟಿಯು ಬಂದ ದಿನ ಅವನು ತನ್ನ ಸಂಬಳವನ್ನು ಮತ್ತೊಮ್ಮೆ ಎಣಿಸಿ ನೋಡಿರುತ್ತಾನೆ.

ಪೆಟ್ರೋಲಿನ ಬೆಲೆಯು ಏರಿದಾಗ ಎಲ್ಲೆಲ್ಲಿಯೂ ಗದ್ದಲವಾಗುತ್ತದೆ. ೨೦೨೪ರ ಜೂನಿನಲ್ಲಿ ಕರ್ನಾಟಕ ಸರಕಾರವು ಮಾರಾಟ ತೆರಿಗೆಯನ್ನು ಹೆಚ್ಚಿಸಿದ್ದರಿಂದ ಪೆಟ್ರೋಲು ಲೀಟರಿಗೆ ೩ ರೂ. ಏರಿತು. ಮೇಲಿನ ಕಾರಭಾರಿಯ ೬೫೦ ಕಿ.ಮೀ.ಗೆ ಇದರಿಂದ ತಗಲುವದು ತಿಂಗಳಿಗೆ ಸುಮಾರು ೪೩ ರೂ. ಮಾತ್ರ. ಯಾರೂ ಮಾತಾಡದ ಸವಕಳಿ ಒಂದರಿಂದಲೇ ಅವನು ಕಳೆದುಕೊಳ್ಳುವದು ೬೫೦ ರೂ. ಆದಾಗ್ಯೂ ದರವನ್ನು ಒಮ್ಮೆ ಕಟ್ಟಿ ಮರೆಯುವದು ಸಲ್ಲದು. ಅಮೇರಿಕೆಯಲ್ಲಿ ತೆರಿಗೆಯ ಖಾತೆಯವರು ಗಾಡಿಯ ಸ್ಥಿರ ಖರ್ಚುಗಳನ್ನೂ ಓಡಾಟದ ಖರ್ಚುಗಳನ್ನೂ ಪ್ರತಿ ವರ್ಷ ಪರಿಶೀಲಿಸಿ ಮೈಲಿನ ದರವನ್ನು ಪ್ರಕಟಿಸುತ್ತಾರೆ. ೨೦೨೨ರಲ್ಲಿ ಇಂಧನವು ಬಹಳ ತುಟ್ಟಿಯಾದುದರಿಂದ ವರ್ಷದ ನಡುವೆಯೇ, ಜುಲೈ ೧ರಿಂದ, ಅದನ್ನು ಮೈಲಿಗೆ ಐವತ್ತೆಂಟೂವರೆ ಸೆಂಟಿನಿಂದ ಅರವತ್ತೆರಡೂವರೆ ಸೆಂಟಿಗೆ ಏರಿಸಿದರು. ಇಂಗ್ಲಂಡದಲ್ಲಿ ೨೦೧೧ರಲ್ಲಿ ಕಾರಿಗೆ ಕಟ್ಟಿದ ದರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವರ್ಷದ ಮೊದಲ ೧೦,೦೦೦ ಮೈಲುಗಳಿಗೆ ೪೫ ಪೆನ್ಸು, ಅದಕ್ಕೆ ಮೀರಿದ ಮೈಲುಗಳಿಗೆ ೨೫ ಪೆನ್ಸು. ಬಹಳ ಓಡಿದ ಗಾಡಿಗೆ ವಿಮೆಯಂಥ ಸ್ಥಿರ ಖರ್ಚುಗಳು ಮೊದಲ ಮೈಲುಗಳಲ್ಲಿಯೇ ತೀರಿರುತ್ತವೆಂಬುದು ಇಂಥ ಎರಡು ಹಂತದ ದರಕ್ಕೆ ಆಧಾರ. ಕಬ್ಬಿನ ಹಂಗಾಮಿನಲ್ಲಿ ತಿಂಗಳಿಗೆ ಎರಡು ಸಾವಿರ ಕಿಲೋಮೀಟರು ಓಡುವ ಗಾಡಿಯಿದ್ದಲ್ಲಿ ನಮ್ಮ ಜಮೀನುದಾರರೂ ಈ ಬಗೆಯ ಎರಡು ದರಗಳನ್ನು ಇಟ್ಟುಕೊಳ್ಳಬಹುದು. ಸಾಧಾರಣ ಮನೆಗೆ ಅಷ್ಟು ತೊಡಕು ಬೇಡ.

ತಿಂಗಳಿಗೆ ಇಷ್ಟೆಂದು ಗುತ್ತಿಗೆಯಂತೆ ಕೊಡುವ ಪದ್ಧತಿಯನ್ನು ಕೆಲವರು ಸುಲಭವೆಂದು ಹಿಡಿದಿದ್ದಾರೆ. ಸುಲಭವೇನೋ ಹೌದು. ಆದರೆ ಜೇಷ್ಠ ಆಷಾಢದಲ್ಲಿ ಓಡಾಟ ಕಡಿಮೆಯಾದಾಗ ಒಡೆಯನಿಗೆ ಕೊಟ್ಟದ್ದು ಹೆಚ್ಚಾಯಿತೆಂದು ತೋರುವದು. ಕಾರಖಾನೆಗಳು ಸುರುವಾದ ಮೇಲೆ ನೌಕರನಿಗೆ ಕಡಿಮೆಯಾಯಿತೆಂದು ತೋರುವದು. ಇದಕ್ಕಿಂತಲೂ ಕೆಟ್ಟ ಪರಿಣಾಮವೆಂದರೆ, ಹೋಗದೆ ಉಳಿದ ಪ್ರತಿಯೊಂದು ದಾರಿಯೂ ನೌಕರನಿಗೆ ಲಾಭವಾಗುವದರಿಂದ, ನೋಡಬೇಕಾದ ಹೊಲವನ್ನು ನೋಡದೆಯೇ "ನೀರು ಸರಿಯಾಗಿ ಹಾಯುತ್ತಿದೆ" ಎಂದು ಹೇಳುವ ಆಸೆಯು ಹುಟ್ಟುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಈ ಕೆಡುಕಿಲ್ಲ.

ಇದಕ್ಕೆ ಜಮೀನುದಾರರು ತರುವ ಆಕ್ಷೇಪಣೆಯು ಒಂದೇ: ನೌಕರನು ಇಲ್ಲದ ಕಿಲೋಮೀಟರುಗಳನ್ನು ಬರೆದಾನು. ಇದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ಉಪಾಯ ಕಠಿಣವಲ್ಲ. ಮನೆಯಿಂದ ಪ್ರತಿಯೊಂದು ಹೊಲಕ್ಕೆ, ಸೊಸಾಯಿಟಿಗೆ, ಕಾರಖಾನೆಗೆ, ಪೇಟೆಗೆ ಎಷ್ಟು ದೂರವೆಂಬುದನ್ನು ಒಡೆಯನೂ ನೌಕರನೂ ಕೂಡಿ ಒಮ್ಮೆ ಮೀಟರಿನಿಂದ ಅಳೆದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸತಕ್ಕದ್ದು. ಆಮೇಲೆ ಪುಸ್ತಕದಲ್ಲಿ ದಿನಾಂಕ, ಹೋದ ಸ್ಥಳ, ಕೆಲಸ ಇಷ್ಟನ್ನು ಬರೆದರೆ ಸಾಕು. ಕಿಲೋಮೀಟರು ತಾನಾಗಿಯೇ ಹಾಳೆಯಿಂದ ಬರುವದು. ಜಮಖಂಡಿಯಿಂದ ಮುಧೋಳಕ್ಕೆ ಹೋಗಿಬಂದವನು ಅದನ್ನು ಹಿಗ್ಗಿಸಿ ಬರೆಯಲಾರನು. ಹಾಳೆಯಲ್ಲಿಲ್ಲದ ಊರಿಗೆ ಹೋದ ದಿನ ಮಾತ್ರ ಹೊರಡುವಾಗಿನ ಮತ್ತು ಬಂದಾಗಿನ ಮೀಟರಿನ ಅಂಕಿಗಳನ್ನು ಬರೆಯುವದು. ಹೊಳೆಗೆ ಮಹಾಪೂರ ಬಂದು ತಗ್ಗಿನ ಸೇತುವೆಗಳು ಮುಳುಗಿದಾಗ ಸುತ್ತುಹಾಕಿ ಹೋಗಬೇಕಾಗುವದು. ೨೦೧೯ರ ಆಗಸ್ಟಿನಲ್ಲಿ ಈ ಸೀಮೆಯವರೆಲ್ಲರೂ ಅದನ್ನು ಅನುಭವಿಸಿದ್ದಾರೆ. ಅಂಥ ದಿನಗಳಲ್ಲಿ ಗೋಡೆಯ ಹಾಳೆಯನ್ನು ತೋರಿಸಿ ಸುತ್ತಿನ ದಾರಿಯನ್ನು ಕಡಿಯುವದು ಒಡೆಯನ ಘನತೆಗೆ ತಕ್ಕುದಲ್ಲ.

ಯಾವ ದಾರಿಯನ್ನು ಎಣಿಸಬೇಕು, ಯಾವದನ್ನು ಬಿಡಬೇಕೆಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ನೌಕರನು ಬೆಳಿಗ್ಗೆ ತನ್ನ ಮನೆಯಿಂದ ಒಡೆಯನ ಮನೆಗೆ ಬರುವ ದಾರಿ ಮತ್ತು ಸಂಜೆ ತಿರುಗಿ ಹೋಗುವ ದಾರಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವದಿಲ್ಲ. ಸರಕಾರದ ಕಚೇರಿಗಳಲ್ಲಿಯೂ ಕಾರಖಾನೆಗಳಲ್ಲಿಯೂ ಹೀಗೆಯೇ ಇದೆ. ಆದರೆ ಕೆಲಸ ಮುಗಿಸಿ ಮನೆಗೆ ಹೋದವನನ್ನು ರಾತ್ರಿ ಹನ್ನೊಂದಕ್ಕೆ ಪಂಪಸೆಟ್ಟಿಗಾಗಿ ಪುನಃ ಕರೆಸಿದರೆ ಅವನ ಮನೆಯ ಹೊಸ್ತಿಲಿನಿಂದಲೇ ಎಣಿಸತಕ್ಕದ್ದು. ಪೇಟೆಗೆ ಹೋದವನು ದಾರಿಯಲ್ಲಿ ತನ್ನ ಮನೆಗೆ ಕಾಯಿಪಲ್ಲೆ ತಂದನೆಂದು ಭತ್ಯೆಯನ್ನು ಹಿಡಿಯುವದು ಸಣ್ಣತನ. ಗಾಡಿಯನ್ನು ಅವನು ಸ್ವಂತಕ್ಕೂ ಉಪಯೋಗಿಸುತ್ತಾನೆಂಬ ದೂರಿಗೂ ಅರ್ಥವಿಲ್ಲ. ಮೇಲಿನ ಲೆಕ್ಕದಲ್ಲಿ ವರ್ಷದ ೧೨,೦೦೦ ಕಿ.ಮೀ.ಗಳಲ್ಲಿ ಒಡೆಯನಿಗೆ ಬಿದ್ದದ್ದು ೭,೮೦೦ ಮಾತ್ರ. ಉಳಿದ ೪,೨೦೦ರ ಖರ್ಚು ನೌಕರನದೇ.

ಗಾಡಿ ಕೊಳ್ಳುವಾಗ ಒಡೆಯನೇ ಮುಂಗಡವನ್ನು ಕೊಟ್ಟ ಸಂದರ್ಭಗಳೂ ಉಂಟು. ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವದಾದರೆ ಅದು ಸಾಲವಾಯಿತು, ದರವು ಮೊದಲಿನಂತೆಯೇ ಇರತಕ್ಕದ್ದು. ಮುರಿದುಕೊಳ್ಳದೆ ಬಿಟ್ಟುಕೊಟ್ಟಿದ್ದರೆ ಅಷ್ಟರ ಮಟ್ಟಿಗೆ ಸವಕಳಿಯ ಭಾಗವನ್ನು ಇಳಿಸಬಹುದು. ಎರಡನ್ನೂ ಮಾಡುವದು, ಅಂದರೆ ಮುಂಗಡವನ್ನೂ ಮುರಿದುಕೊಂಡು ಸವಕಳಿಯನ್ನೂ ಕೊಡದಿರುವದು, ಒಂದೇ ಬೆಳೆಯನ್ನು ಎರಡು ಸಲ ಕೊಯ್ದಂತೆ.

ಈ ಹಣವು ಸಂಬಳವಲ್ಲವೆಂಬುದನ್ನು ಮುಖ್ಯವಾಗಿ ತಿಳಿದಿರಬೇಕು. ೧೯೪೮ರ ಕನಿಷ್ಠ ವೇತನದ ಕಾಯದೆಯು ಪ್ರವಾಸದ ಭತ್ಯೆಯನ್ನು ವೇತನದ ವ್ಯಾಖ್ಯೆಯಿಂದ ಹೊರಗಿಟ್ಟಿತು. ೨೦೧೯ರ ವೇತನ ಸಂಹಿತೆಯಲ್ಲಿಯೂ ಸಾರಿಗೆಯ ಭತ್ಯೆಯು ಹೊರಗಿಡಲ್ಪಟ್ಟ ಬಾಬುಗಳಲ್ಲಿದೆ. ಪೆಟ್ರೋಲಿನ ಹಣವನ್ನು ಸಂಬಳದಲ್ಲಿ ಕೂಡಿಸಿ ತೋರಿಸಿ ಕನಿಷ್ಠ ವೇತನವನ್ನು ಮುಟ್ಟಿಸಿದೆನೆಂದು ಹೇಳುವದು ನಡೆಯದು. ಆದುದರಿಂದ ಸಂಬಳಕ್ಕೊಂದು, ದಾರಿಭತ್ಯೆಗೊಂದು ಬೇರೆ ಬೇರೆ ಖಾತೆಯಿಟ್ಟು ಬೇರೆ ಬೇರೆ ಸಹಿಯನ್ನು ತೆಗೆದುಕೊಳ್ಳುವದು ಇಬ್ಬರಿಗೂ ಕ್ಷೇಮ.

ವಿಮೆಯ ವಿಷಯದಲ್ಲಿ ಎರಡು ಮಾತು. ವಿಮೆಯ ಹಣವನ್ನು ದರದಲ್ಲಿ ಸೇರಿಸಿ ಕೊಡುವ ಒಡೆಯನು ವಿಮೆಯು ನಿಜವಾಗಿ ಚಾಲ್ತಿಯಲ್ಲಿರುವದೋ ಎಂದು ವರ್ಷಕ್ಕೊಮ್ಮೆ ಪತ್ರವನ್ನು ನೋಡತಕ್ಕದ್ದು. ಹೊಸ ಗಾಡಿಯ ಸಂಗಡ ಬಂದ ವಿಮೆಯು ತೀರಿದ ಮೇಲೆ ಪುನಃ ಮಾಡಿಸದೆ ಓಡಿಸುವವರು ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಗಾಡಿಯ ಮಾಲಿಕನೇ ಓಡಿಸುವಾಗ ಅಪಘಾತಕ್ಕೀಡಾದರೆ ದೊರೆಯುವ ೧೫ ಲಕ್ಷ ರೂಪಾಯಿಗಳ ವೈಯಕ್ತಿಕ ವಿಮೆಯನ್ನೂ ಇದರ ಸಂಗಡವೇ ಮಾಡಿಸಿಕೊಂಡಿರಬೇಕು. ರಾತ್ರಿಯ ಹೊತ್ತು ದೀಪವಿಲ್ಲದ ಕಬ್ಬಿನ ಟ್ರೇಲರುಗಳ ನಡುವೆ ನೌಕರನನ್ನು ಕಳಿಸುವವನಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಖಾಸಗಿ ಮೋಟಾರು ಸಾಯಕಲ್ಲಿನ ವಿಮಾಪತ್ರದಲ್ಲಿ ಬಾಡಿಗೆಯ ಉಪಯೋಗವನ್ನೂ ಸರಕಿನ ಸಾಗಣೆಯನ್ನೂ ಹೊರಗಿಡುವ ಶರತ್ತು ಸಾಮಾನ್ಯವಾಗಿ ಇರುತ್ತದೆ. ಗೊಬ್ಬರದ ಚೀಲಗಳನ್ನು ಹಿಂದೆ ಹೇರಿ ಕಳಿಸುವದರಿಂದ ಗಾಡಿಯ ಸ್ಪ್ರಿಂಗುಗಳು ಕೂಡುವವಲ್ಲದೆ, ಅನಾಹುತವಾದರೆ ವಿಮೆಯ ತಕರಾರೂ ಬರುವದು. ಚೀಲಗಳಿಗೆ ಸರಕಿನ ಗಾಡಿಯನ್ನೇ ಕಳಿಸುವದು ಲೇಸು.

ದಾರಿಯ ಖರ್ಚಿನ ಲೆಕ್ಕವು ಸ್ಪಷ್ಟವಾಗಿರಬೇಕೆಂಬ ಮಾತನ್ನು ಈ ತಾಲೂಕುಗಳ ಕಬ್ಬು ಬೆಳೆಗಾರರು ಮತ್ತೊಂದು ಕಡೆಯಿಂದ ಚೆನ್ನಾಗಿ ಬಲ್ಲರು. ೧೯೬೬ರ ಕಬ್ಬಿನ ನಿಯಂತ್ರಣದ ಆಜ್ಞೆಯಂತೆ ಕೇಂದ್ರ ಸರಕಾರವು ಗೊತ್ತುಪಡಿಸುವ ದರವು ಕಾರಖಾನೆಯ ಬಾಗಿಲಿನ ದರ; ೨೦೨೫-೨೬ರ ಹಂಗಾಮಿಗೆ ಅದು ನೂರಕ್ಕೆ ೧೦.೨೫ ಇಳುವರಿಗೆ ಕ್ವಿಂಟಲಿಗೆ ೩೫೫ ರೂ. ಎಂದು ಗೊತ್ತಾಯಿತು. ಕಾರಖಾನೆಯು ತಾನೇ ಕಡಿಸಿ ತಾನೇ ಸಾಗಿಸಿದಲ್ಲಿ ಆ ಖರ್ಚನ್ನು ಇದರಲ್ಲಿ ಮುರಿದುಕೊಂಡು ಉಳಿದುದನ್ನು ಕೊಡುತ್ತದೆ. ಹತ್ತಿರದ ಹೊಲಕ್ಕೂ ದೂರದ ಹೊಲಕ್ಕೂ ಸರಾಸರಿ ಹಿಡಿದು ಒಂದೇ ಖರ್ಚನ್ನು ಮುರಿದಲ್ಲಿ ಹತ್ತಿರದವನು ದೂರದವನ ದಾರಿಯ ಖರ್ಚನ್ನು ಹೊತ್ತಂತಾಗುವದು. ೨೦೨೫ರ ನವೆಂಬರಿನಲ್ಲಿ ಗುರ್ಲಾಪುರದಲ್ಲಿಯೂ ಮುಧೋಳದಲ್ಲಿಯೂ ಬೆಳೆಗಾರರು ಚಳವಳಿ ನಡೆಸಿದಾಗ, ಕಟಾವು ಸಾಗಣೆಗಳ ಖರ್ಚನ್ನು ಬಿಟ್ಟು ಕೈಗೆ ಬರುವದೆಷ್ಟೆಂಬುದೇ ವಾದದ ಒಂದು ಮುಖ್ಯ ವಿಷಯವಾಗಿತ್ತು. ಎಷ್ಟು ಕಿಲೋಮೀಟರಿಗೆ ಎಷ್ಟು ಮುರಿದಿರಿ ಎಂದು ಕಾರಖಾನೆಯನ್ನು ಕೇಳುವ ಹಕ್ಕು ಬೆಳೆಗಾರನಿಗೆ ಇರುವಂತೆ, ಎಷ್ಟು ಕಿಲೋಮೀಟರಿಗೆ ಎಷ್ಟು ಕೊಟ್ಟಿರಿ ಎಂದು ಬೆಳೆಗಾರನನ್ನು ಕೇಳುವ ಹಕ್ಕು ಅವನ ಕಾರಭಾರಿಗೂ ಇದೆ. ಮೊದಲನೆಯದನ್ನು ಗಟ್ಟಿಯಾಗಿ ಕೇಳುವವರು ಎರಡನೆಯದನ್ನು ಕೇಳಿಸಿಕೊಳ್ಳಲು ಹಿಂಜರಿಯುವದು ಹಲವೆಡೆ ಕಂಡುಬರುತ್ತದೆ.

ಊರಿನ ಮುಖಂಡರಿಗೆ ಇನ್ನೊಂದು ಹೊಣೆಯುಂಟು. ಗ್ರಾಮ ಪಂಚಾಯತಿಯ ನೀರು ಬಿಡುವವನು, ಕರ ವಸೂಲಿಯವನು, ಹಾಲಿನ ಸಂಘದ ಕಾರ್ಯದರ್ಶಿ ಇವರೂ ಸ್ವಂತ ಗಾಡಿಯ ಮೇಲೆಯೇ ಊರ ಕೆಲ​ಸವನ್ನು ಮಾಡುತ್ತಾರೆ. ಅವರಿಗೆ ಏನು ಕೊಡಲಾಗುತ್ತಿದೆಯೆಂಬುದನ್ನು ಸಭೆಯಲ್ಲಿ ಕೇಳಿ, ಸಂಘದ ಅಥವಾ ಪಂಚಾಯತಿಯ ನಿಯಮಗಳಿಗೆ ಒಳಪಟ್ಟು ಠರಾವು ಮಾಡಿಸುವದು ಮುಖಂಡರಿಂದಲೇ ಆಗತಕ್ಕ ಕೆಲಸ.

ದರವನ್ನು ಕಟ್ಟುವ ಕಾಲದ ಬಗೆಗೆ: ವರ್ಷದಾಳಿನ ಮಾತು ಯುಗಾದಿಗೆ ಆಗುವ ಊರುಗಳಲ್ಲಿ ದಾರಿಭತ್ಯೆಯನ್ನೂ ಆಗಲೇ ಗೊತ್ತುಮಾಡಿ, ಕಾರಖಾನೆಗಳು ಸುರುವಾಗುವ ಮುಂಚೆ ಪೆಟ್ರೋಲಿನ ಬೆಲೆಯನ್ನು ಮತ್ತೊಮ್ಮೆ ನೋಡಿ ಸರಿಪಡಿಸಿದರೆ ಸಾಕು. ಲೀಟರಿಗೆ ೪೫ ಕಿ.ಮೀ. ಓಡುವ ಗಾಡಿಗೆ ಪೆಟ್ರೋಲು ಒಂದು ರೂಪಾಯಿ ಏರಿದರೆ ಅಥವಾ ಇಳಿದರೆ ದರದಲ್ಲಿ ಎರಡು ಪೈಸೆಗಿಂತ ತುಸು ಹೆಚ್ಚಿನ ವ್ಯತ್ಯಾಸ ಮಾಡಿಕೊಳ್ಳುವದು. ಹಣವನ್ನು ತಿಂಗಳ ಕೊನೆಗೆ ಸಂಬಳದ ದಿನವೇ ಕೊಡತಕ್ಕದ್ದು. ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುವೆನೆಂದು ತಡೆದರೆ, ಪೆಟ್ರೋಲು ಹಾಕುವವನು ಆ ವರೆಗೆ ನೌಕರನಿಗೆ ಉದ್ರಿ ಕೊಡುವದಿಲ್ಲ.